ನಾಲ್ಕನೆಯ ಗುಂಡಿ

ಶನಿವಾರ, ತ್ಬಿಲಿಸಿಯ ಒಣಸೇತುವೆಯ ಮೇಲೆ
ಮುರ್ಮಾನ್ ಹಾಸಿದ ಕಂಬಳಿಯಲ್ಲಿ
ಯಾರದೋ ಪದಕ, ಸಮೋವರ್, ಒಂಟಿಗಾಜಿನ ಕನ್ನಡಕ,
ಪಕ್ಕದಲ್ಲಿ ಎರಡು ದೂರದರ್ಶಕ.

ಒಂದು ಹೊಸದು. ಪೆಟ್ಟಿಗೆಯ ತುಂಬ ನೇರಳೆ ನೀಹಾರಿಕೆ,
ಐನೂರು ಪಟ್ಟು ದೊಡ್ಡದು ಕಾಣುತ್ತದೆಂಬ ಕೊಚ್ಚಿಕೆ.
ಮುಕ್ಕಾಲಿ ಮುಟ್ಟಿದೆ. ಆಗತಾನೆ ಬಿದ್ದ ಕರುವಿನ ಹಾಗೆ
ಮೂರು ಕಾಲೂ ಮೂರು ಕಡೆ ನಡುಗಿದವು.

ಇನ್ನೊಂದು ಸೈಬೀರಿಯಾದ ಕಾರ್ಖಾನೆಯದು,
ಹೆಚ್ಚುಕಡಿಮೆ ನನ್ನ ವಯಸ್ಸು.
ಬಣ್ಣ ಹಕ್ಕಳೆ ಎದ್ದ ಕೊಳವೆ, ಅಲುಗದ ಕಬ್ಬಿಣದ ಕಾಲು.
ಬಾಯಿಂದ ಟಾರ್ಚು ಬಿಟ್ಟು ತಳ ನೋಡಿದೆ:
ಕನ್ನಡಿಯ ಅಂಚು ಮಾಸಿದೆ,
ನಡುವೆ ಪುಟ್ಟದೊಂದು ಬೆರಳಚ್ಚು.

'ಮಗಳದು. ಆಗ ಅವಳಿಗೆ ಆರು.
ಒರೆಸಲು ಹೋಗಬೇಡ, ಗೀರು ಬೀಳುತ್ತೆ.
ಅಚ್ಚು ಇದ್ದರೂ ನಕ್ಷತ್ರ ಕಾಣುತ್ತೆ.'
'ಅಚ್ಚಿಗೆ ಎಷ್ಟು ಕಡಿಮೆ ಮಾಡ್ತೀಯ?'
'ಅದಕ್ಕೆ ಹೆಚ್ಚು ಕೇಳಬೇಕಿತ್ತು' ಅಂದ, ನಗಲಿಲ್ಲ.

ನಾನು ಲಿಫ್ಟು ರಿಪೇರಿಯವನು. ನನಗೆ ಇಷ್ಟು ಗೊತ್ತು:
ಎಷ್ಟು ಜನ ಒಳಗೆ ಬರುತ್ತಾರೆ ಅನ್ನುವುದು
ಬಾಗಿಲ ಅಗಲದ ಮಾತು, ಗೋಡೆಗೆ ಅಂಟಿಸಿದ ಚೀಟಿಯದಲ್ಲ.
ಹೊಸದರ ಕನ್ನಡಿ ಅಂಗೈಯೊಳಗೆ ಅಡಗುತ್ತದೆ,
ಹಳೆಯದಕ್ಕೆ ಬೆರಳನ್ನೂ ಬಿಚ್ಚಬೇಕು.
ಅಷ್ಟರಲ್ಲೇ ಬೆಳಕು ಇಮ್ಮಡಿ.

ಇನ್ನೂರ ನಲವತ್ತು ಲಾರಿ.
ಲಿಫ್ಟಿನ ಡಬ್ಬಿಗೆ ಬೀಳುವ ನಾಣ್ಯಗಳಲ್ಲೇ ನನ್ನ ಸಂಬಳ,
ಕೊಟ್ಟಿದ್ದೂ ಹಾಗೆಯೇ, ಎರಡು ಬಟ್ಟೆಚೀಲ.
ಒಂದನ್ನು ಎಣಿಸಿದ.
ಇನ್ನೊಂದನ್ನು ಎತ್ತಿ, ತೂಗಿ, ಪಕ್ಕಕ್ಕಿಟ್ಟ.

ನಮ್ಮ ಕಟ್ಟಡಕ್ಕೆ ಒಂಬತ್ತು ಮಾಳಿಗೆ. ಛಾವಣಿಯ ಬೀಗದಕೈ ನನ್ನದು,
ಲಿಫ್ಟಿನ ಮೋಟಾರು ಇರುವುದು ಅಲ್ಲೇ.
ರಾತ್ರಿ ಹತ್ತಕ್ಕೆ ಕೊಳವೆ ನಿಲ್ಲಿಸಿ
ಮೊದಲು ಎದುರು ಕಟ್ಟಡಕ್ಕೆ ತಿರುಗಿಸಿದೆ, ಫೋಕಸ್ಸಿಗೆಂದು.
ಎಲ್ಲ ತಲೆಕೆಳಗು. ಒಣಹಾಕಿದ ಷರಟುಗಳು
ತಂತಿಯಿಂದ ಆಕಾಶದ ಕಡೆಗೆ ಬೀಳುತ್ತಿದ್ದವು.
ಕಾಲು ತುಸು ತಣ್ಣಗಾಯಿತು, ನಿಜ ಹೇಳುತ್ತೇನೆ.

ಆಮೇಲೆ ಗುರುಗ್ರಹ.
ಊರಿನ ಹಳದಿ ಬೆಳಕಿನ ಮೇಲೆ, ಆಂಟೆನಾಗಳ ಆಚೆ,
ಮಸುಕು ಪಟ್ಟೆಯ ಸಣ್ಣ ಬಿಲ್ಲೆ.
ಸಾಲಾಗಿ ಮೂರು ಚುಕ್ಕಿ,
ನಮ್ಮ ಲಿಫ್ಟಿನ ಗುಂಡಿಗಳು ಉರಿದಂತೆ.
ಮುರ್ಮಾನ್ ನಾಲ್ಕು ಅಂದಿದ್ದ.
ನಾಲ್ಕನೆಯದು ಕೆಟ್ಟಿರಬೇಕು ಅಂದುಕೊಂಡೆ, ವೃತ್ತಿಯ ಬುದ್ಧಿ.
ಬೆರಳಚ್ಚಿನ ಮೇಲೂ ಅನುಮಾನ ಬಂತು.
ಜೇಬಿನ ಕರವಸ್ತ್ರದ ತನಕ ಕೈ ಹೋಯಿತು.

ಅದೇ ಹೊತ್ತಿಗೆ ಕೆಳಗಿಂದ ಬಡಿತ, ಕೂಗು,
'ಬದ್ರೀ! ನಿನ್ನ ಪೆಟ್ಟಿಗೆಗೆ ಬೆಂಕಿ ಬೀಳ!'
ಐದು ಮತ್ತು ಆರರ ನಡುವೆ ಸಿಕ್ಕಿಕೊಂಡಿದ್ದಳು ತ್ಸಿಯಾಲಾ,
ಕಂಕುಳಲ್ಲಿ ಬಿಸಿ ರೊಟ್ಟಿ, ಬಾಯಲ್ಲಿ ನನ್ನ ವಂಶ.
ಒಂದು ರಿಲೇ ಸುಟ್ಟಿತ್ತು. ಮುಕ್ಕಾಲು ಗಂಟೆ ಹಿಡಿಯಿತು.
ಬಿಡಿಸಿದ ಮೇಲೆ, ಸಮಾಧಾನಕ್ಕೆ, ಮೇಲೆ ಬಾ ಅಂದೆ.

ಗುರು ಅಲ್ಲಿರಲಿಲ್ಲ. ಜರುಗಿತ್ತು.
ಹುಡುಕಿ, ತಿರುಪು ತಿರುಗಿಸಿ, ಮತ್ತೆ ಹಿಡಿದೆ.
ರೊಟ್ಟಿಯನ್ನು ಮೋಟಾರಿನ ಮೇಲಿಟ್ಟು ಅವಳು ಬಗ್ಗಿದಳು,
ಒಂದು ಕಣ್ಣು ಮುಚ್ಚಲು ಬಾರದೆ ಅಂಗೈ ಅಡ್ಡ ಹಿಡಿದು.

'ಚೆಂಡು. ಪಕ್ಕಕ್ಕೆ ನಾಲ್ಕು ಸಾಸಿವೆ.'
'ಮೂರು' ಅಂದೆ.
'ನಾಲ್ಕು. ಒಂದು ಚೆಂಡಿಗೆ ಅಂಟಿಕೊಂಡೇ ಇದೆ.'

ಅವಳನ್ನು ಸರಿಸಿ ನೋಡಿದೆ.
ಹಿಂದಿನಿಂದ ಆಗತಾನೆ ಹೊರಟಿತ್ತು, ತನ್ನ ಪಾಡಿಗೆ ತಾನು,
ಯಾರೂ ಏನೂ ಬಿಚ್ಚದೆ, ಬೆಸೆಯದೆ.

ಕರವಸ್ತ್ರದಲ್ಲಿ ಕೈಯ ಗ್ರೀಸು ಒರೆಸಿಕೊಂಡೆ.
'ಮತ್ತೆ ಓಡ್ತಿದೆ, ಹಿಡಿ ಹಿಡಿ' ಅಂದಳು ತ್ಸಿಯಾಲಾ,
ರೊಟ್ಟಿಯ ತುದಿ ಮುರಿದು ನನ್ನ ಕಡೆ ಚಾಚುತ್ತ,
'ನಿನ್ನ ಲಿಫ್ಟಿಗೆ ಹೇಳು ಇದನ್ನ.
ಕಾಸು ಕೇಳಲ್ಲ, ಮಧ್ಯೆ ನಿಲ್ಲಲ್ಲ.'